ಮರೆವ್ವಾಯಿಯ ಐದು ಪ್ರಶ್ನೆಗಳು

ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದು ಆಸ್ಪತ್ರೆಯ ಕಡೆ ನಡೆದರೆ, ಹಣ್ಣಿನ ಗಾಡಿಗಳು ಮುಗಿದ ಮೇಲೆ ಎಡಕ್ಕೆ ತಗಡು ಹೊದಿಸಿದ ಒಂದು ಚರ್ಚು ಇದೆ. ದೊಡ್ಡದಲ್ಲ. ನೂರು ಜನ ಕೂತರೆ ನೂರಾ ಒಂದನೆಯವರು ಚಪ್ಪಲಿಗಳ ನಡುವೆ ಕೂರಬೇಕು. ಆದರೆ ಆ ತೊಂದರೆ ಈವರೆಗೆ ಬಂದಿಲ್ಲ. ನಲವತ್ತು ತಲೆ ದಾಟುವುದು ಕ್ರಿಸ್ಮಸ್ಸಿಗೆ ಮಾತ್ರ. ಹೊಸಬರು ಬರುವುದಿಲ್ಲವೆಂದಲ್ಲ, ಬರುತ್ತಾರೆ; ಒಮ್ಮೆ ಬಂದವರು ಎರಡನೆಯ ಸಲ ಬರುವುದಿಲ್ಲ. ಇದಕ್ಕೆ ಕಾರಣವೇನೆಂದು ಸಭೆಯ ಹಿರಿಯರು ವರ್ಷಕ್ಕೊಮ್ಮೆ ಕೂತು ಮಾತಾಡುತ್ತಾರೆ. ಪ್ರಾರ್ಥನೆ ಕಡಿಮೆಯಾಯಿತು ಎಂದು ಒಬ್ಬರು, ಫ್ಯಾನು ಕಡಿಮೆಯಾದವು ಎಂದು ಇನ್ನೊಬ್ಬರು. ನಿಜವಾದ ಕಾರಣ ಬಾಗಿಲಲ್ಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದೆ ಎಂಬುದು ಎಲ್ಲರಿಗೂ ಗೊತ್ತು. ಹೇಳುವ ಎದೆ ಯಾರಿಗೂ ಇರಲಿಲ್ಲ.

ಆ ಕಾರಣದ ಹೆಸರು ಮರೆವ್ವ. ವಯಸ್ಸು ಅರವತ್ತೆರಡು, ಆಧಾರ ಕಾರ್ಡಿನಲ್ಲಿ ಅರವತ್ತೆಂಟು. ಪಿಂಚಣಿ ಬರುತ್ತಿರುವುದರಿಂದ ಅದನ್ನು ತಿದ್ದಿಸುವ ಅವಸರ ಆಕೆಗಿಲ್ಲ. ಓಣಿಯವರಿಗೆಲ್ಲ ಆಕೆ ಮರೆವ್ವಾಯಿ. ವಾರದ ಆರು ದಿನ ಸ್ಟೇಶನ್ ಹಿಂದಿನ ಓಣಿಯಲ್ಲಿ, ಬಾಜೂ ಮನೆಯ ಇಂದ್ರವ್ವನ ಜೊತೆ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ರೋಗಿಗಳ ಜೊತೆ ಬಂದು ಆಸ್ಪತ್ರೆಯ ಅಂಗಳದಲ್ಲಿ ಬೀಡು ಬಿಡುವ ಹಳ್ಳಿಯ ಮಂದಿಯೇ ಆಕೆಯ ಗಿರಾಕಿಗಳು. ಏಳನೆಯ ದಿನ ಚರ್ಚಿನ ಬಾಗಿಲು ಹಿಡಿಯುತ್ತಾಳೆ. ಈ ಕೆಲಸಕ್ಕೆ ಆಕೆಯನ್ನು ಯಾರೂ ನೇಮಿಸಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ರವಿವಾರ ಬಂದು ನಿಂತಳು, ನಿಂತೇ ಬಿಟ್ಟಳು. ಅಂದಿನಿಂದ ನಾಲ್ವರು ಸಭಾಪಾಲಕರು ಬದಲಾದರು, ಚಾವಣಿಯ ತಗಡು ಎರಡು ಸಲ ಬದಲಾಯಿತು, ಮರೆವ್ವಾಯಿ ಬದಲಾಗಲಿಲ್ಲ.

ಆಕೆಯ ಸ್ವಾಗತಕ್ಕೆ ಒಂದು ಪದ್ಧತಿ ಇತ್ತು. ಹೊಸ ಮುಖ ಮೆಟ್ಟಿಲ ಹತ್ತಿರ ಕಂಡ ಕೂಡಲೇ ಇಳಿದು ಹೋಗಿ, ಹಂಚಿನ ಕಾವಿಗೆ ಗಟ್ಟಿಯಾದ ಎರಡೂ ಅಂಗೈಗಳಿಂದ ಅವರ ಕೈ ಹಿಡಿಯುತ್ತಿದ್ದಳು. ಆ ಹಿಡಿತದಿಂದ ಬಿಡಿಸಿಕೊಂಡು ಹೋದವರು ಇಲ್ಲ. ನಂತರ ಐದು ಪ್ರಶ್ನೆ. ಯಾವೂರು? ಯಾರ ಮನಿ? ಯಾರ ಪೈಕಿ? ಮಕ್ಕಳೆಷ್ಟು? ಏನ್ ತ್ರಾಸ ಐತಿ? ಬಂದವರು ಒಂದು ಚಪ್ಪಲಿ ಬಿಟ್ಟು ಇನ್ನೊಂದು ಬಿಡುವುದರೊಳಗೆ ಐದಕ್ಕೂ ಉತ್ತರ ತೆಗೆದಿರುತ್ತಿದ್ದಳು. ಉತ್ತರ ಸಿಕ್ಕ ಮೇಲೆ ಅವರನ್ನು ಎಲ್ಲರ ನಡುವೆ ನಡೆಸಿಕೊಂಡು ಹೋಗಿ, ಜಮಖಾನದ ಮುಂದೆ ಇದ್ದ ಒಂದೇ ಒಂದು ಕುರ್ಚಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂರಿಸುತ್ತಿದ್ದಳು. ಕೊನೆಗೆ ಪ್ರಕಟಣೆಯ ಹೊತ್ತಿಗೆ ಹೊಸಬರು ಎದ್ದು ನಿಲ್ಲಬೇಕು. ಅವರು ನಾಚಿಕೊಂಡರೆ ಮರೆವ್ವಾಯಿಯೇ ಮೈಕು ತೆಗೆದುಕೊಂಡು ಅವರ ಊರು, ಮನೆ, ತ್ರಾಸ ಎಲ್ಲವನ್ನೂ ಸಭೆಗೆ ತಿಳಿಸಿ, ಪ್ರಾರ್ಥನೆ ಮಾಡಿರಿ ಎಂದು ಕಣ್ಣಲ್ಲಿ ನೀರು ತಂದು ಕೇಳಿಕೊಳ್ಳುತ್ತಿದ್ದಳು. ಆ ಕಣ್ಣೀರು ಖರೆ. ಅದರಲ್ಲಿ ಒಂದು ಹನಿಯೂ ತೋರಿಕೆಯದಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಅಂಗಡಿ ಕಟ್ಟೆ ಹತ್ತಿದ ಗಿರಾಕಿಯ ರಟ್ಟೆ ಹಿಡಿದು ಎಳೆದರೆ ಆತ ಸೀರೆಯನ್ನೂ ನೋಡುವುದಿಲ್ಲ, ಸೆರಗನ್ನೂ ನೋಡುವುದಿಲ್ಲ, ಬಾಗಿಲು ನೋಡುತ್ತಾನೆ. ಗೋಕಾಕ ಪೇಟೆಯಲ್ಲಿ ನಿನ್ನೆ ಅಂಗಡಿ ತೆರೆದವನಿಗೂ ಗೊತ್ತಿರುವ ಈ ಮಾತು ಮರೆವ್ವಾಯಿಗೆ ಗೊತ್ತಿರಲಿಲ್ಲ. ರೊಟ್ಟಿ ಮಾರುವಾಗ ಆಕೆಗೆ ಇದರ ಅಗತ್ಯವೂ ಬಿದ್ದಿರಲಿಲ್ಲ. ಹಸಿದವರು ಎಷ್ಟು ಪ್ರಶ್ನೆ ಕೇಳಿದರೂ ನಿಲ್ಲುತ್ತಾರೆ.

ಇನ್ನು ಚರ್ಚಿನ ಮೇಲಿನ ಭೋಂಗಾ, ಅಂದರೆ ಲೌಡ್ ಸ್ಪೀಕರು. ಅದು ಆಸ್ಪತ್ರೆಯ ಕಡೆ ಬಾಯಿ ಮಾಡಿಕೊಂಡಿತ್ತು. ಹಾಸಿಗೆಯಲ್ಲಿ ಮಲಗಿದವರಿಗೂ ದೇವರ ವಾಕ್ಯ ಕೇಳಲಿ ಎಂಬುದು ಮರೆವ್ವಾಯಿಯದೇ ಹಂಚಿಕೆ. ಮೈಕು, ವೈರು, ಭೋಂಗಾ ನೋಡಿಕೊಳ್ಳುತ್ತಿದ್ದವನು ಪ್ರಭು ಎಂಬ ಸಭೆಯ ಹಿರಿಯ. ಆತನದು ವೈರಿಂಗ್ ಕೆಲಸ. ಆ ಭೋಂಗಾದ ದನಿ ಆಸ್ಪತ್ರೆಯನ್ನೂ ದಾಟಿ ರೈಲ್ವೆ ಗೇಟಿನವರೆಗೆ ಹೋಗುತ್ತದೆ ಎಂದು ಆತನಿಗೆ ಹೆಮ್ಮೆ.

ಹೀಗಿರುವಾಗ ಆ ಮಳೆಗಾಲದ ಒಂದು ರವಿವಾರ ಶೋಭಾ ಬಂದಳು.

ಮೂವತ್ತರ ಆಸುಪಾಸಿನ ಹೆಂಗಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಮೆಟ್ಟಿಲ ಕೆಳಗೆ ನಿಂತು ಒಳಗೆ ಇಣುಕಿದಳು. ಜನ ಕಡಿಮೆ ಇದ್ದದ್ದು ನೋಡಿ ಆಕೆಗೆ ಸಮಾಧಾನವಾದಂತೆ ಕಂಡಿತು. ಅಷ್ಟರಲ್ಲಿ ಮರೆವ್ವಾಯಿ ಕೆಳಗಿಳಿದಾಗಿತ್ತು.

"ಬರ್ರಿ ತಂಗಿ, ಬರ್ರಿ, ದೇವರ ಮನಿ ಇದು, ಯಾಕ ಅಂಜತೀರಿ? ಯಾವೂರು?"

"ಬೆಲ್ಲದ ಬಾಗೇವಾಡಿರಿ. ಸುಮ್ನ ಹತ್ತ ಮಿನಿಟ ಕೂತು ಹೋಗ್ತೀನಿ, ಇಲ್ಲೇ ಹಿಂದ."

"ಹಿಂದ ಯಾಕ? ಹಿಂದ ಚಪ್ಪಲಿ ಕೂಡ್ತಾವ. ಯಾರ ಮನಿ? ಯಾರ ಪೈಕಿ?"

ಶೋಭಾ ಹೇಳಿದಳು. ಅತ್ತೆ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡು ಆಸ್ಪತ್ರೆಯಲ್ಲಿ ಎರಡು ವಾರದಿಂದ ಮಲಗಿದ್ದಾಳೆ. ಗಂಡ ಕಾಶಿನಾಥನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ರವಿವಾರ ಮಾತ್ರ ಬಂದು ತಾಯಿಯ ಹತ್ತಿರ ಕೂರುತ್ತಾನೆ.

"ಮಕ್ಕಳೆಷ್ಟು?"

ಶೋಭಾ ಚಪ್ಪಲಿಯ ಪಟ್ಟಿ ನೋಡುತ್ತ ನಿಂತಳು. ಮರೆವ್ವಾಯಿ ಹಿಡಿದ ಕೈಯನ್ನು ಇನ್ನಷ್ಟು ಒತ್ತಿದಳು.

"ಇಲ್ಲರಿ."

"ಮದಿವ್ಯಾಗಿ ಎಷ್ಟ್ ವರ್ಷಾತು?"

"ಒಂಬತ್ತು."

"ಅಯ್ಯೋ ನನ್ನವ್ವ!" ಎಂದಳು ಮರೆವ್ವಾಯಿ. ಆಕೆಗೆ ಐದನೆಯ ಪ್ರಶ್ನೆ ಕೇಳುವ ಕೆಲಸವೇ ಉಳಿಯಲಿಲ್ಲ. ಶೋಭಾಳನ್ನು ಕುರ್ಚಿಯ ಮೇಲೆ ಕೂರಿಸಿದಳು. ಪ್ರಕಟಣೆಯ ಹೊತ್ತಿಗೆ ಶೋಭಾ ಏಳಲಿಲ್ಲ, ಮರೆವ್ವಾಯಿ ಎದ್ದಳು. ಮೈಕಿನಲ್ಲಿ ಹೆಸರು, ಊರು, ಮನೆತನ ಹೇಳಿ, "ಒಂಬತ್ತು ವರ್ಷಾತು, ಈ ನಮ್ಮ ತಂಗಿ ಉಡಿ ತುಂಬಿಲ್ಲ. ಎಲ್ಲಾರೂ ಮೊಣಕಾಲೂರಿ ಬೇಡಕೋರಿ" ಎಂದು ಬಿಕ್ಕಿದಳು. ಪ್ರಭುವಿನ ಭೋಂಗಾ ಆ ಬಿಕ್ಕನ್ನೂ ಬಿಡದೆ ರೈಲ್ವೆ ಗೇಟಿಗೆ ಮುಟ್ಟಿಸಿತು.

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಕಣ್ಣು ತೆರೆದಾಗ ಕುರ್ಚಿ ಖಾಲಿ ಇತ್ತು. ಬಾಳೆಹಣ್ಣಿನ ಚೀಲ ಅಲ್ಲೇ ಉಳಿದಿತ್ತು.

ಮರೆವ್ವಾಯಿ ಆ ಚೀಲ ಹಿಡಿದುಕೊಂಡು ರಸ್ತೆಯವರೆಗೆ ಓಡಿದಳು. ಆಸ್ಪತ್ರೆಯ ಗೇಟಿನಲ್ಲಿ ಶೋಭಾಳ ಬೆನ್ನು ಕಂಡಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ನಡೆಯುವುದಕ್ಕಿಂತ ಹೆಚ್ಚು ಓಡುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಹೊಸಬರು ಹೋದದ್ದನ್ನು ಮರೆವ್ವಾಯಿ ಎಷ್ಟೋ ನೋಡಿದ್ದಳು; ಆದರೆ ಎಲ್ಲರೂ ನಗುತ್ತ, ಮುಂದಿನ ವಾರ ಬರ್ತೀವಿ ಎಂದು ಹೇಳಿ ಹೋದವರು. ಅತ್ತುಕೊಂಡು ಹೋದವಳು ಇವಳೇ ಮೊದಲು.

ಸೋಮವಾರ ಬೆಳಿಗ್ಗೆ ಹಂಚಿನ ಮುಂದೆ ಕೂತಾಗ ಆಕೆ ಈ ಕತೆಯನ್ನು ಇಂದ್ರವ್ವನಿಗೆ ಹೇಳಿದಳು. ಇಂದ್ರವ್ವ ಚರ್ಚಿಗೆ ಬರುವವಳಲ್ಲ, ಆಕೆಯ ದೇವರು ಬೇರೆ. ನಾಲಿಗೆ ಮಾತ್ರ ಯಾವ ದೇವರಿಗೂ ಅಂಜಿದ್ದಲ್ಲ.

"ನೀ ಏನ್ ಹೇಳಬ್ಯಾಡ, ಅಷ್ಟೂ ಇಲ್ಲೇ ಕೂತು ಕೇಳೇನಿ. ಬೆಲ್ಲದ ಬಾಗೇವಾಡಿ ಸೊಸಿ, ಒಂಬತ್ತು ವರ್ಷ. ನಾನೊಬ್ಬಾಕಿ ಅಲ್ಲ, ಪೇರಲ ಮಾರೂ ಸುಲ್ತಾನಾಬೀನೂ ಕೇಳ್ಯಾಳ. ಪಾಪ ಅಂತ ಆಕೀನೂ ದುವಾ ಮಾಡಿದ್ಲಂತ."

"ಮತ್ತ? ಛಲೋ ಆತಲ್ಲ?"

"ಛಲೋ! ಆ ಹುಡುಗಿ ಹೊಟ್ಟಿ ಸುದ್ದಿ ಪೇರಲ ಗಾಡಿತನಕ ಬಂತು, ಛಲೋ ಆತು." ಇಂದ್ರವ್ವ ರೊಟ್ಟಿ ತಿರುವಿ ಹಾಕಿದಳು. "ಮರೆವ್ವಾ, ನಿನ್ನ ಗುಡಿಗೆ ಹೋಗೂಕ್ಕಿಂತ ಪೊಲೀಸ್ ಠಾಣೆಗೆ ಹೋಗೂದು ಹಗೂರ. ಅಲ್ಲಿ ಪ್ರಶ್ನಿ ಕಡಿಮಿ. ಮ್ಯಾಲ ಭೋಂಗಾ ಇಲ್ಲ."

ಮರೆವ್ವಾಯಿ ಹಿಟ್ಟಿನ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅದು ಆಕೆಯ ಬದುಕಿನಲ್ಲಿ ಅಪರೂಪ.

"ಬೈದ್ರ ಬೈ. ನಾ ಪ್ರೀತೀಲೇ ಕೇಳಿದ್ನಿ."

"ಪ್ರೀತಿ ಇಲ್ಲ ಅಂದೋರು ಯಾರು? ಪ್ರೀತಿ ಜಾಸ್ತಿ ಆತು. ಉಪ್ಪು ಜಾಸ್ತಿ ಆದಂಗ."

ಮಧ್ಯಾಹ್ನ ಮರೆವ್ವಾಯಿ ನಾಲ್ಕು ಮೆತ್ತನೆಯ ರೊಟ್ಟಿ, ಒಂದು ಡಬ್ಬಿ ಜುಣಕ, ಶೇಂಗಾ ಹಿಂಡಿ ಮತ್ತು ಆ ಬಾಳೆಹಣ್ಣು ಹಿಡಿದು ಹೆಣ್ಣುಮಕ್ಕಳ ವಾರ್ಡಿಗೆ ಹೋದಳು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಶೋಭಾಳ ಅತ್ತೆ ಅಕ್ಕವ್ವ ಮಲಗಿದ್ದಳು. ಕಾಲಿಗೆ ಪಟ್ಟಿ, ಬಾಯಿಗೆ ಯಾವ ಪಟ್ಟಿಯೂ ಇಲ್ಲ. ಶೋಭಾ ಕಿಟಕಿಯ ಹತ್ತಿರ ನಿಂತಿದ್ದವಳು ಮರೆವ್ವಾಯಿಯನ್ನು ನೋಡಿ ಮುಖವನ್ನು ಹೊರಗೆ ತಿರುಗಿಸಿಕೊಂಡಳು.

"ನೀವಽ ಏನ್ರಿ ಆ ಭೋಂಗಾದಾಕಿ?" ಎಂದಳು ಅಕ್ಕವ್ವ. "ದನಿ ಕೇಳಿ ಆಳ ಎತ್ತರ ಇದ್ದೀರಿ ಅನ್ಕೊಂಡಿದ್ನಿ. ನಮ್ಮ ಮನಿ ಮಾತು ಘಟಪ್ರಭಾಕ್ಕೆಲ್ಲಾ ಹಂಚಿದ್ರಲ್ಲ, ನಮಗರ ಒಂದ ಮಾತು ಕೇಳಬೇಕಿಲ್ಲೇನು? ಈಕಿ ಹಣ್ಣು ತರ್ತೀನಂತ ಹೋದಾಕಿ ಅಲ್ಲಿ ಬಂದು ಕೂತಿದ್ದು ನನಗ ನಿಮ್ಮ ಬಾಯಿಂದಽ ಗೊತ್ತಾತು."

"ತಪ್ಪಾತ್ರಿ ಅಕ್ಕಾರ" ಎಂದಳು ಮರೆವ್ವಾಯಿ. ಈ ಮಾತು ಆಡಿ ಆಕೆಗೆ ರೂಢಿ ಇರಲಿಲ್ಲ. "ತಪ್ಪು ಹೇಳಾಕಽ ಬಂದೇನಿ."

"ಬರಗೈಲೆ ಬಂದಿಲ್ಲ ಅಲ್ಲ, ಕೂಡ್ರಿ." ಅಕ್ಕವ್ವನ ಕಣ್ಣು ಡಬ್ಬಿಯ ಮೇಲಿತ್ತು. ಆಸ್ಪತ್ರೆಯ ಗಂಜಿ ಉಣ್ಣುತ್ತ ಎರಡು ವಾರವಾಗಿತ್ತು. "ಯಾವೂರು ನಿಮ್ಮದು?"

"ಮೂಲ ಘೋಡಗೇರಿರಿ."

"ನಮ್ಮ ಹುಕ್ಕೇರಿ ಕಡ್ಯಾವರಽ! ಯಾರ ಮನಿ? ಯಾರ ಪೈಕಿ?"

ಮರೆವ್ವಾಯಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವಳು ನಿಂತಳು. ಬೇರೆಯವರ ಬಾಯಿಂದ ಈ ಪ್ರಶ್ನೆ ಕೇಳಿ ವರ್ಷಗಳೇ ಆಗಿದ್ದವು. ಕೇಳುವ ಕೆಲಸವನ್ನು ತಾನೇ ವಹಿಸಿಕೊಂಡದ್ದರಿಂದ ಉತ್ತರ ಕೊಡುವ ಪಾಳಿ ಆಕೆಗೆ ಬಂದಿರಲಿಲ್ಲ.

"ನಮ್ಮ ಮನಿ ಊರ ಹೊರಗ ಇತ್ರಿ" ಎಂದಳು. "ರೊಟ್ಟಿ ನಾನಽ ಬಡದದ್ದು. ತಿನ್ನೂದು ಬಿಡೂದು ನಿಮಗ ಬಿಟ್ಟದ್ದು."

ಪಕ್ಕದ ಹಾಸಿಗೆಯವರು ಈ ಕಡೆ ತಿರುಗಿದರು. ಅಕ್ಕವ್ವ ಒಂದು ಕ್ಷಣ ಚಾವಣಿ ನೋಡಿದಳು. ಆಮೇಲೆ ಕೈ ಚಾಚಿ ರೊಟ್ಟಿ ಮುರಿದಳು.

"ಹಂಗ ಕೇಳಬ್ಯಾಡ ಅಂತ ನಮ್ಮ ಶರಣರು ಹೇಳ್ಯಾರ್ರಿ. ಆದ್ರ ಶರಣರು ತೊಡಿ ಮುರಕೊಂಡು ಎರಡು ವಾರ ಆಸ್ಪತ್ರ್ಯಾಗ ಮಲಗಿದ್ದಿಲ್ಲ. ಹೊತ್ತು ಹೋಗಬೇಕಲ್ಲ? ಬಾಯಿಗೆ ಬರತೈತಿ, ಕೇಳ್ತೀನಿ." ಬಾಯಿ ತುಂಬ ಜುಣಕ ಹಾಕಿಕೊಂಡಳು. "ಖಾರ ಬರೋಬ್ಬರಿ ಐತಿ. ನಮ್ಮ ಸೊಸಿಗೆ ಕಲಿಸ್ರಿ. ಮತ್ತ ಮಕ್ಕಳೆಷ್ಟು ನಿಮಗ?"

"ಒಬ್ಬಾಕಿ" ಎಂದಳು ಮರೆವ್ವಾಯಿ.

"ಎಲ್ಲಿಗೆ ಕೊಟ್ಟೀರಿ?"

ಮರೆವ್ವಾಯಿ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸತೊಡಗಿದಳು. ಮೂರು ವರ್ಷದವಳಿದ್ದಾಗ ಎರಡು ದಿನದ ಜ್ವರಕ್ಕೆ ಹೋದ ಮಗಳನ್ನು ಯಾವ ಊರಿಗೆ ಕೊಟ್ಟಿದ್ದೇನೆಂದು ಹೇಳುವುದು? ಅವಳ ಹೆಸರನ್ನು ಮರೆವ್ವಾಯಿ ಎಷ್ಟು ವರ್ಷದಿಂದ ಬಾಯಲ್ಲಿ ತಂದಿರಲಿಲ್ಲವೆಂದರೆ, ಬೆನ್ನ ಹಿಂದೆ ಕಟ್ಟಿಕೊಂಡು ತಿರುಗುವ ಗಂಟಿನ ಹಾಗೆ ಅದು ಕಾಣದಂತೆ ಇತ್ತು, ಭಾರ ಮಾತ್ರ ಇತ್ತು. ಅಕ್ಕವ್ವ ಕಟುಕಳಲ್ಲ, ರೊಟ್ಟಿ ತಿನ್ನುತ್ತ, ಉತ್ತರಕ್ಕೆ ಕಾಯುತ್ತ, ಪ್ರೀತಿಯಿಂದಲೇ ನೋಡುತ್ತಿದ್ದಳು. ಹೀಗೆ ಪ್ರೀತಿಯಿಂದ ನೋಡುತ್ತ ತಾನು ಎಷ್ಟು ಜನರನ್ನು ಮೆಟ್ಟಿಲ ಮೇಲೆ ನಿಲ್ಲಿಸಿರಬಹುದು ಎಂದು ಮರೆವ್ವಾಯಿಗೆ ಆಗ ಹೊಳೆಯಿತು. ಹೊಳೆದದ್ದು ಸಣ್ಣ ಲೆಕ್ಕವಲ್ಲ.

"ಅತ್ತಿ, ಊಟಾ ಮಾಡ್ರಿ ಸುಮ್ನ" ಎಂದಳು ಕಿಟಕಿಯ ಹತ್ತಿರದಿಂದ ಶೋಭಾ. ಆಕೆ ಯಾವಾಗ ಈ ಕಡೆ ತಿರುಗಿದ್ದಳೋ ಗೊತ್ತಿಲ್ಲ.

ಮರೆವ್ವಾಯಿ ಖಾಲಿ ಡಬ್ಬಿ ತೊಳೆಯಲು ಹೊರಗಿನ ನಳಕ್ಕೆ ಬಂದಾಗ ಶೋಭಾ ಹಿಂದೆಯೇ ಬಂದು ಡಬ್ಬಿ ಇಸಿದುಕೊಂಡಳು. ಬಹಳ ಹೊತ್ತು ತೊಳೆದಳು. ತೊಳೆಯುವಷ್ಟು ಜಿಡ್ಡೇನೂ ಅದರಲ್ಲಿರಲಿಲ್ಲ.

"ವಾರಕ್ಕ ಒಂದ ತಾಸ ಸಿಗತೈತ್ರಿ ನನಗ" ಎಂದಳು, ಮುಖ ಎತ್ತದೆ. "ಅವರು ರವಿವಾರ ಬಂದಾಗ. ವಾರ್ಡಿನ್ಯಾಗ ಹೋದವರು ಬಂದವರು, ನರ್ಸು, ಬಾಜೂ ಹಾಸಿಗ್ಯಾವರು, ಎಲ್ಲಾರೂ ಅದನ್ನಽ ಕೇಳ್ತಾರು. ಊರಾಗೂ ಅದಽ. ನಿಮ್ಮ ಗುಡಿ ಮುಂದ ಹೋಗುವಾಗ ಒಳಗ ಎಲ್ಲಾರೂ ಸುಮ್ನ ಕಣ್ಣ ಮುಚ್ಚಿ ಕೂತಿದ್ರು. ಇಲ್ಲಿ ನನ್ನ ಗುರುತು ಯಾರಿಗೂ ಇಲ್ಲ, ಯಾರೂ ಏನೂ ಕೇಳಾಂಗಿಲ್ಲ, ಅಂತ ಬಂದ್ನಿ."

ಮರೆವ್ವಾಯಿ ನಳ ಬಂದ್ ಮಾಡಿದಳು. ಮತ್ತೆ ತೆರೆದಳು.

"ಈ ರವಿವಾರ ಬರ್ರಿ. ಯಾರೂ ಏನೂ ಕೇಳಾಂಗಿಲ್ಲ."

"ನೀವು?"

"ನಾನೂ."

ಶೋಭಾ ಮೊದಲ ಸಲ ಆಕೆಯ ಮುಖ ನೋಡಿದಳು. "ನಿಮಗ ಆಗತೈತೇನ್ರಿ ಅದು?"

"ಆಗಾಂಗಿಲ್ಲ" ಎಂದಳು ಮರೆವ್ವಾಯಿ. "ಆದ್ರೂ ಬರ್ರಿ."

ಬರುತ್ತೇನೆ ಎಂದು ಶೋಭಾ ಹೇಳಲಿಲ್ಲ. ಅತ್ತೆ ಬಿಡುತ್ತಾಳೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಆದರೆ ಮರೆವ್ವಾಯಿಗೆ ಆ ವಾರ ಬೇರೆ ಯೋಚನೆಯೇ ಇರಲಿಲ್ಲ: ಈ ಹೆಣ್ಣುಮಗಳು ಒಂದು ತಾಸು, ಒಂದೇ ತಾಸು, ಯಾರ ಕಾಟವಿಲ್ಲದೆ ತನ್ನ ದೇವರ ಮನೆಯಲ್ಲಿ ಕೂತು ಹೋಗಬೇಕು. ಆಕೆ ಮತ್ತೆ ಬಾರದಿದ್ದರೆ ಇಪ್ಪತ್ತೆರಡು ವರ್ಷ ತಾನು ಬಾಗಿಲು ತೆರೆದು ನಿಂತಿದ್ದಲ್ಲ, ಬಾಗಿಲಿಗೆ ಅಡ್ಡ ನಿಂತಿದ್ದೇ ಖರೆ ಎಂದಾಗುತ್ತದೆ.

ಶನಿವಾರ ಪ್ರಭುವಿನ ಮನೆಗೆ ಹೋಗಿ ಭೋಂಗಾದ ವೈರು ಕೀಳಿಸಿದಳು. "ರೈಲ್ವೆ ಗೇಟಿನ ಮಂದಿಗೆ ವಾಕ್ಯ ಹೆಂಗ ಮುಟ್ಟಬೇಕು?" ಎಂದು ಪ್ರಭು ತಕರಾರು ಮಾಡಿದ. "ಗೇಟು ದಾಟಿ ಬರಲಿ. ಅವರಿಗೇನ್ ಕಾಲಿಲ್ಲ?" ಎಂದಳು. ಮುಂದಿದ್ದ ಕುರ್ಚಿಯನ್ನು ತಾನೇ ಎತ್ತಿ ಹಿಂದಿನ ಕೋಣೆಯಲ್ಲಿಟ್ಟಳು. ಎಲ್ಲ ಮಾಡಿದಳು, ಸಭಾಪಾಲಕರಿಗೆ ಹೇಳುವುದನ್ನು ಮಾತ್ರ ಮರೆತಳು. ಅವರು ಅಭಿಷೇಕ ಎಂಬ ಇಪ್ಪತ್ತೆಂಟರ ಯುವಕ. ಮೂಡಲಗಿಯಿಂದ ಬೈಕಿನ ಮೇಲೆ ಬಂದು, ಇಲ್ಲಿ ಆರಾಧನೆ ಮುಗಿಸಿ, ಮಧ್ಯಾಹ್ನ ಇನ್ನೊಂದು ಸಭೆಗೆ ಓಡುವವರು. ಮರೆವ್ವಾಯಿಗೆ ಅವರೂ ಸ್ವಲ್ಪ ಅಂಜುತ್ತಿದ್ದರು.

ರವಿವಾರ ಬಾಗಿಲಲ್ಲಿ ಯಾರೂ ಇರಲಿಲ್ಲ. ಸಭೆಯವರು ಒಬ್ಬೊಬ್ಬರಾಗಿ ಬಂದು, ಮೆಟ್ಟಿಲ ಮೇಲೆ ನಿಂತು ಆ ಕಡೆ ಈ ಕಡೆ ನೋಡಿ, "ಆಯಿಗೆ ಆರಾಮಿಲ್ಲೇನು?" ಎಂದು ಪಿಸುಗುಟ್ಟಿದರು. ಆಯಿ ಒಳಗೆ ಹಿಂದಿನ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದಳು, ತಾವಾಗಿಯೇ ಎದ್ದು ಯಾರನ್ನಾದರೂ ಹಿಡಿದುಬಿಟ್ಟಾವು ಎಂಬ ಭಯದಿಂದ.

ಎರಡನೆಯ ಹಾಡಿನ ಹೊತ್ತಿಗೆ ಶೋಭಾ ಬಂದಳು. ಕೈಯಲ್ಲಿ ಈ ಸಲ ಚೀಲವಿರಲಿಲ್ಲ. ಅತ್ತೆಯೇ ಕಳಿಸಿದ್ದಳು ಎಂದು ಆಮೇಲೆ ತಿಳಿಯಿತು: "ಹೋಗು, ಆ ಮುದುಕಿ ಖರೇನ ಬಾಯಿ ಮುಚ್ಚಕೊಂಡು ಕೂಡ್ತಾಳೇನ ನೋಡಿ ಬಂದು ನನಗ ಹೇಳು." ಶೋಭಾ ಖಾಲಿ ಬಾಗಿಲು ನೋಡಿದಳು, ಒಳಗೆ ಬಂದಳು, ಹಿಂದಿನ ಗೋಡೆಯ ಹತ್ತಿರ, ಮರೆವ್ವಾಯಿಯಿಂದ ಎರಡು ಮೊಳ ದೂರ ಕೂತಳು. ಮರೆವ್ವಾಯಿ ಮುಂದೆ ನೋಡುತ್ತಿದ್ದಳು. ಅತ್ತೆಯ ಕಾಲು ಹೇಗಿದೆ, ಊಟವಾಯಿತೇ, ಗಂಡ ಬಂದನೇ, ನಿದ್ದೆ ಬರುತ್ತದೆಯೇ, ಒಂದರ ಹಿಂದೆ ಒಂದು ಪ್ರಶ್ನೆ ಬಂದು ಹಲ್ಲಿಗೆ ಬಡಿದು ಹಿಂದೆ ಹೋದವು. ಹಾಡು ಮುಗಿಯಿತು. ಪ್ರಾರ್ಥನೆ ಮುಗಿಯಿತು.

ಆಗ ಅಭಿಷೇಕ ಮೈಕು ತೆಗೆದುಕೊಂಡು, ಪ್ರತಿ ವಾರದಂತೆ, "ಈ ಹೊತ್ತು ಹೊಸದಾಗಿ ಬಂದವರು ಯಾರರ ಇದ್ರ ದಯವಿಟ್ಟು ಎದ್ದು ನಿಲ್ರಿ" ಎಂದರು.

ನಲವತ್ತು ಕುತ್ತಿಗೆಗಳು ಒಮ್ಮೆಲೇ ಹಿಂದಕ್ಕೆ ತಿರುಗಿದವು. ಆ ತರಬೇತಿ ಮರೆವ್ವಾಯಿಯೇ ಕೊಟ್ಟದ್ದು. ಶೋಭಾಳ ಬೆನ್ನು ಗೋಡೆಗೆ ಅಂಟಿತು. ಆಕೆಯ ಕೈ ನೆಲಕ್ಕೆ ಊರಿತು. ಇನ್ನೊಂದು ಉಸಿರಿಗೆ ಎದ್ದು ಹೊರಗೆ ಹೋಗುವವಳೇ.

ಎದ್ದದ್ದು ಮರೆವ್ವಾಯಿ.

"ನಾನಽ ಹೊಸಾಕಿ" ಎಂದಳು.

ಅಭಿಷೇಕ ಮೈಕಿನಲ್ಲಿ ಒಮ್ಮೆ ಕೆಮ್ಮಿದರು. "ಆಯಿ, ನೀವು..."

"ಹೊಸಬರು ಎದ್ದು ನಿಲ್ರಿ ಅಂದ್ರಿ, ನಿಂತೀನಿ. ನನ್ನ ಮಾರಿ ನೋಡ್ರಿ ಎಲ್ಲಾರೂ, ಈ ಕಡೆ, ಬಾಜೂಕ ನೋಡಬ್ಯಾಡ್ರಿ." ಮೈಕು ಆಕೆಗೆ ಬೇಕಿರಲಿಲ್ಲ, ಎಂದೂ ಬೇಕಿರಲಿಲ್ಲ. "ಹೆಸರು ಮರೆವ್ವ. ಊರು ಘೋಡಗೇರಿ. ಮನಿ ಊರ ಹೊರಗ. ಗಂಡ ಸತ್ತ ವರ್ಷ ಈ ಊರಿಗೆ ಬಂದ್ನಿ. ಸ್ಟೇಶನ್ನಿನ್ಯಾಗ ಎಂಟು ದಿವಸ ಕೂತಿದ್ನಿ. ಎಂಟು ದಿವಸ ಒಬ್ರೂ, ಏ ಯವ್ವಾ, ಉಂಡೀಯೇನು, ಯಾರಾಕಿ ನೀ, ಅಂತ ಕೇಳಲಿಲ್ಲ. ಅವತ್ತಽ ಅನ್ಕೊಂಡ್ನಿ, ನನ್ನ ಬಾಗಿಲಿಗೆ ಬಂದವರನ್ನ ಕೇಳಲಾರದ ಬಿಡಬಾರ್ದು ಅಂತ. ಅದಕ್ಕಽ ಕೇಳ್ತಿದ್ನಿ. ನಿಮಗೆಲ್ಲಾ ಭಾಳ ತ್ರಾಸ ಆಗೇತಿ ಅಂತ ಮೊನ್ನೆ ತಿಳೀತು. ನೀವರ ಹೇಳಬಾರ್ದೇನು? ಇಪ್ಪತ್ತೆರಡು ವರ್ಷ ಉಪ್ಪಿನ ಗಂಟು ಬಾಯಾಗ ಇಟ್ಕೊಂಡು ಕೂತಿದ್ರೇನು?"

ಗಂಡಸರ ಕಡೆಯಿಂದ ಒಂದು ನಗೆ ಸಿಡಿಯಿತು, ಹೆಂಗಸರ ಕಡೆಗೂ ಹಬ್ಬಿತು. ಆಕೆ ಕೈ ಎತ್ತಿದಳು, ನಿಂತಿತು.

"ಇನ್ನ ಮಕ್ಕಳೆಷ್ಟು ಅನ್ನೂದು." ಆಕೆ ಸೆರಗು ಸರಿಮಾಡಿಕೊಂಡಳು. "ಅದನ್ನ ನಾ ಹೇಳಾಂಗಿಲ್ಲ. ನೀವೂ ಕೇಳಬ್ಯಾಡ್ರಿ. ಈ ಜಮಖಾನದ ಮ್ಯಾಲ ಕೂತವರನ್ನ ಇನ್ನಮ್ಯಾಲ ಅದನ್ನ ಯಾರೂ ಕೇಳಬಾರ್ದು. ಹೇಳಬೇಕು ಅನಿಸಿದ್ರ ಅವರಽ ಹೇಳ್ತಾರು. ಅನಿಸಲಿಲ್ಲಾಂದ್ರ, ದೇವರಿಗೆ ಗೊತ್ತೈತಿ, ಅಷ್ಟು ಸಾಕು. ಸ್ವಾಗತದ ಹಾಡು ಹಾಡ್ರಿ ಮತ್ತ, ನಿಂತು ನಿಂತು ನನ್ನ ಮೊಣಕಾಲು ನೋಯಾಕತ್ತಾವು."

ಹಾಡಿದರು. ಎಂದೂ ಹಾಡದಷ್ಟು ಗಟ್ಟಿಯಾಗಿ, ಚಪ್ಪಾಳೆ ತಟ್ಟಿ ಹಾಡಿದರು. ಹಾಡಿಸಿಕೊಳ್ಳುವುದು ಹೇಗೆಂದು ಗೊತ್ತಿಲ್ಲದೆ ಮರೆವ್ವಾಯಿ ಸೆರಗಿನ ತುದಿ ಹಿಡಿದುಕೊಂಡು, ಹೊಸ ಸೊಸೆಯ ಹಾಗೆ ನಿಂತಿದ್ದಳು. ಪಕ್ಕದಲ್ಲಿ ಒಂದು ಜೋಡಿ ಬಳೆಗಳ ಸದ್ದು ಕೇಳಿತು. ಶೋಭಾ ತಟ್ಟುತ್ತಿದ್ದಳು, ಉಳಿದವರಿಗಿಂತ ಅರೆ ತಾಳ ಹಿಂದೆ.

ಆಮೇಲೆ ದೇವರ ವಾಕ್ಯ ಬಿಡಿಸಿ ಹೇಳುವ ಪ್ರಸಂಗ ಶುರುವಾಯಿತು. ಅಭಿಷೇಕರ ಪ್ರಸಂಗ ನಲವತ್ತು ಮಿನಿಟಿಗೆ ಕಡಿಮೆ ಇರುವುದಿಲ್ಲ; ಅವರಿಗೆ ವಯಸ್ಸು ಸಣ್ಣದು, ಹೇಳುವುದು ಬಹಳ. ಹತ್ತನೆಯ ಮಿನಿಟಿಗೆ ಶೋಭಾಳ ತಲೆ ಗೋಡೆಗೆ ಒರಗಿತು. ಹನ್ನೆರಡನೆಯದಕ್ಕೆ ಕಣ್ಣು ಮುಚ್ಚಿದವು. ಮೂರು ವಾರ ವಾರ್ಡಿನ ನೆಲದ ಮೇಲೆ, ಅತ್ತೆ ಕರೆದಾಗಲೆಲ್ಲ ಏಳುತ್ತ ಮಲಗಿದವಳು. ನಿದ್ದೆ ಬಂದದ್ದಲ್ಲ, ಕಾದು ಕೂತಿದ್ದು ಹಿಡಿದುಕೊಂಡಿತು. ಬಾಯಿ ಸ್ವಲ್ಪ ತೆರೆದುಕೊಂಡಿತು. ಸಣ್ಣ ಗೊರಕೆಯೂ ಬಂತು. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಾಗ ಮರೆವ್ವಾಯಿ ಆಕೆಯನ್ನು ಹೇಗೆ ನೋಡಿದಳೆಂದರೆ, ಆ ಹೆಂಗಸು ಪ್ರಸಂಗ ಮುಗಿಯುವವರೆಗೂ ಮತ್ತೆ ಕುತ್ತಿಗೆ ತಿರುಗಿಸಲಿಲ್ಲ.

ಮರೆವ್ವಾಯಿ ಎರಡು ಮೊಳ ಸರಿದು ಬಂದು, ಶೋಭಾಳಿಗೂ ಸಭೆಗೂ ನಡುವೆ ಕೂತಳು. ಆಶೀರ್ವಾದವಾಯಿತು. ಜನ ಎದ್ದರು. ಕೈ ಕುಲುಕಲು ಬಂದವರನ್ನು ತುಟಿಯ ಮೇಲೆ ಬೆರಳಿಟ್ಟು ದೂರದಿಂದಲೇ ಕಳಿಸಿದಳು. ಜಮಖಾನ ಸುತ್ತಲು ಬಂದವರು ಮುಕ್ಕಾಲು ಭಾಗ ಸುತ್ತಿ, ಉಳಿದದ್ದನ್ನು ಹಾಗೇ ಬಿಟ್ಟು ಹೋದರು. ಇನ್ನೊಂದು ಸಭೆಗೆ ಓಡುವ ಅಭ್ಯಾಸದಿಂದ ಅಭಿಷೇಕ ಬಾಗಿಲಲ್ಲೇ ಬೈಕಿಗೆ ಕಿಕ್ ಹೊಡೆಯಲು ಹೊರಟವರು, ಆಕೆಯ ಮುಖ ನೋಡಿ, ಬೈಕನ್ನು ಹಣ್ಣಿನ ಗಾಡಿಗಳವರೆಗೆ ತಳ್ಳಿಕೊಂಡು ಹೋದರು.

ಕೊನೆಗೆ ಉಳಿದವನು ಪ್ರಭು. ಬೀಗದ ಕೈ ಆತನ ಹತ್ತಿರ ಇತ್ತು, ಹಸಿವೂ ಆಗಿತ್ತು. ತುದಿಗಾಲಲ್ಲಿ ಬಂದು ಬಗ್ಗಿ, ಮಲಗಿದವಳ ಮುಖ ನೋಡಿದ. ಹೋದ ವಾರ ಆತ ಮೈಕಿನ ಡಬ್ಬಿಯ ಹಿಂದೆ ಕೂತಿದ್ದರಿಂದ ಕೇಳಿದ್ದೇ ಹೊರತು ನೋಡಿರಲಿಲ್ಲ.

"ಯಾರ್ರಿ ಆಯಿ ಈಕಿ?" ಎಂದು ಪಿಸುಗುಟ್ಟಿದ. "ಯಾವೂರು? ಯಾರ ಪೈಕಿ?"

ಮರೆವ್ವಾಯಿ ಆತನನ್ನು ನೋಡಿದಳು. ಮೂವತ್ತು ಹಳ್ಳಿಗಳ ಮನೆಮನೆಯ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹೆಂಗಸು, ದೇವರ ಮನೆಯೊಳಗೆ, ಶಿಲುಬೆಯ ಎದುರಿಗೇ ಕೂತು, ಮುಖ ಒಂದಿಷ್ಟೂ ಬದಲಿಸದೆ ಹೇಳಿದಳು:

"ನನಗ ಗೊತ್ತಿಲ್ಲಪಾ. ಕೀಲಿ ಇಲ್ಲಿಟ್ಟು ಉಣ್ಣಾಕ ಹೋಗು."